ಹಿಮ ಕರಗಿದ ಮೇಲೆ ಹಳ್ಳಿ ರಸ್ತೆ ರಿಪೇರಿ: ಮೊದಲು ನೀರು, ಆಮೇಲೆ ಗುಂಡಿ

ನೆಲವೇ ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆ, ಹಿಮ ಕರಗಿದ ವಾರವೇ ಜಲ್ಲಿ ತಂದು ಗುಂಡಿಗೆ ಸುರಿದು ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ಮಳೆ ಬಂದರೆ ಆ ಜಲ್ಲಿ ಕೆಸರೊಳಗೆ ಇಳಿದು ಹೋಗುತ್ತದೆ, ಗುಂಡಿ ಮಾತ್ರ ಅಲ್ಲೇ ಇರುತ್ತದೆ.

ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೆ ರಸ್ತೆಯನ್ನು ನಿಜವಾಗಿ ಕೆಡಿಸುವುದು ಇನ್ನೊಂದು. ಹೆಪ್ಪುಗಟ್ಟಿದ ಪದರ, ಬತ್ತಿ ಎಣ್ಣೆ ಎಳೆದ ಹಾಗೆ, ಕೆಳಗಿನ ಒದ್ದೆ ಮಣ್ಣಿನಿಂದ ನೀರು ಎಳೆಯುತ್ತಲೇ ಇರುತ್ತದೆ, ಆ ನೀರು ಅಲ್ಲೇ ಮಂಜುಗಡ್ಡೆಯ ಬಿಲ್ಲೆಗಳಾಗಿ ಬೆಳೆದು ರಸ್ತೆಯನ್ನೇ ಮೇಲಕ್ಕೆ ಎತ್ತುತ್ತದೆ. ಹೂಳಿನಂಥ ನುಣ್ಣನೆ ಮಣ್ಣಿದ್ದರೆ ಈ ಕಾಟ ಜಾಸ್ತಿ. ಬಿಸಿಲು ಬಂದಾಗ ಮೇಲಿನಿಂದ ಕರಗುತ್ತದೆ, ಅಡಿಯಲ್ಲಿ ಇನ್ನೂ ಬಂಡೆಯಂತೆ ಗಟ್ಟಿ. ನಡುವೆ ಸಿಕ್ಕಿಕೊಂಡ ನೀರಿಗೆ ಹೋಗಲು ದಾರಿಯೇ ಇಲ್ಲ.

ಇದನ್ನು ನೀವೇ ನೋಡಬಹುದು. ಚಕ್ರ ಓಡುವ ಜಾಡಿನಲ್ಲಿ ಒಂದು ಕಬ್ಬಿಣದ ಸರಳನ್ನು ಒತ್ತಿ. ಒಂದು ಗೇಣು ಸಲೀಸಾಗಿ ಇಳಿದು ಆಮೇಲೆ ಟಕ್ ಅಂತ ನಿಂತರೆ, ಕೆಳಗೆ ಇನ್ನೂ ಕರಗಿಲ್ಲ. ಸರಳಿನ ತುದಿಗೆ ಗಂಜಿಯಂಥ ಕೆಸರು ಮೆತ್ತಿರುತ್ತದೆ. ಆಗ ದೊಡ್ಡ ರಿಪೇರಿಗೆ ಕೈ ಹಾಕಲೇಬೇಡಿ.

ಆ ದಿನಗಳಲ್ಲಿ ಭಾರಿ ಲಾರಿಗಳನ್ನು ತಡೆಯುವುದೇ ದೊಡ್ಡ ಉಳಿತಾಯ. ಅಮೆರಿಕದ ಇಲಿನಾಯ್ಸ್‌ನಲ್ಲಿ ರಸ್ತೆ ಕಟ್ಟಿ, 1958ರಿಂದ 1960ರವರೆಗೆ ಲಾರಿ ಓಡಿಸಿ ಪರೀಕ್ಷೆ ಮಾಡಿದ್ದರು. ಅದರಿಂದ ಬಂದ ಅಂದಾಜು ಏನೆಂದರೆ, ಒಂದು ಆಕ್ಸಲ್ (ಚಕ್ರಗಳ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಹೆಚ್ಚು ಕಡಿಮೆ 16 ಪಟ್ಟು. ನೆಲ ಮೆತ್ತಗಿರುವಾಗ ಒಂದೇ ಲಾರಿ ಹೋದರೂ ಜಾಡು ಬಿದ್ದು ಬಿಡುತ್ತದೆ, ನಮ್ಮ ವಾರದ ಕೆಲಸ ಹಾಳು.

ಕಾಯುವಾಗ ಸುಮ್ನೆ ಕೂರಬೇಡಿ. ಗುದ್ದಲಿ, ಸಲಿಕೆ ಹಿಡಿದು ಮೋರಿಗಳ ಎರಡೂ ಬಾಯಿ ಬಿಡಿಸಿ. ಚರಂಡಿಯ ಹೂಳು ತೆಗೆಯಿರಿ. ಹಿಮ ತಳ್ಳುವ ಗಾಡಿ ಜಲ್ಲಿಯನ್ನೂ ಸೇರಿಸಿ ತಳ್ಳಿ ರಸ್ತೆ ಅಂಚಿನಲ್ಲಿ ಸಣ್ಣ ಬದು ಕಟ್ಟಿರುತ್ತದೆ, ಅದು ಚರಂಡಿಗೆ ಹೋಗಬೇಕಾದ ನೀರನ್ನು ರಸ್ತೆಯಲ್ಲೇ ನಿಲ್ಲಿಸುತ್ತದೆ. ಅಲ್ಲಲ್ಲಿ ಆ ಬದು ಒಡೆಯಿರಿ. ಅದರಲ್ಲಿರುವುದು ನಿಮ್ಮದೇ ಜಲ್ಲಿ ಅಲ್ವಾ, ಹುಲ್ಲು ಬೇರು ತೆಗೆದು ಆಮೇಲೆ ವಾಪಸ್ ಎಳೆದುಕೊಳ್ಳಿ.

ನೆಲ ಪೂರ್ತಿ ಕರಗಿ ನೀರು ಇಳಿದ ಮೇಲೆ ಜಲ್ಲಿ ರಸ್ತೆಯ ಕೆಲಸ ಶುರು. ಗುಂಡಿಗೆ ಸುಮ್ನೆ ತುಂಬಿದರೆ ನಿಲ್ಲುವುದಿಲ್ಲ. ಗುಂಡಿಯ ತಳದ ಮಟ್ಟದವರೆಗೂ ಸುತ್ತಲಿನ ಮೇಲ್ಪದರ ಕೆರೆದು, ಕಲಸಿ, ಮತ್ತೆ ಹರಡಬೇಕು. ರಸ್ತೆ ಕೆರೆದು ಮಟ್ಟ ಮಾಡುವ ಗಾಡಿ, ಅಂದರೆ ಗ್ರೇಡರ್, ನಿಧಾನಕ್ಕೆ ಓಡಲಿ, ಅವಸರ ಮಾಡಿದರೆ ಅದೇ ಅಲೆ ಅಲೆ ಬಿಟ್ಟು ಹೋಗುತ್ತದೆ. ರಸ್ತೆ ಆಮೆ ಬೆನ್ನಿನ ಹಾಗೆ ನಡುವೆ ಎತ್ತರ ಇರಲಿ, ಎರಡೂ ಕಡೆಗೆ ಸುಮಾರು ಶೇ. 4 ಇಳಿಜಾರು. ಅಂದರೆ ನಡುವಿನಿಂದ ಅಂಚಿಗೆ 3 ಮೀಟರ್ ಇದ್ದರೆ 12 ಸೆಂಟಿಮೀಟರ್ ಇಳಿತ. ದಾರ ಕಟ್ಟಿ, ಮಟ್ಟಗೋಲು ಇಟ್ಟು ಅಳೆಯಿರಿ, ಕಣ್ಣಂದಾಜು ಬೇಡ.

ಹೊಸ ಜಲ್ಲಿ ಒಡೆದ ಕಲ್ಲಿನದೇ ಆಗಲಿ. ಹೊಳೆಯ ಉರುಟು ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳದೆ ಉರುಳುತ್ತದೆ. ಹಿಡಿದಿಡಲು ಸ್ವಲ್ಪ ಪುಡಿ, ಜೇಡಿ ಬೇಕು, ಜಾಸ್ತಿಯಾದರೆ ಮತ್ತೆ ಕೆಸರು. ಒಂದು ಹಿಡಿ ಒದ್ದೆ ಮಿಶ್ರಣವನ್ನು ಅಂಗೈಯಲ್ಲಿ ಹಿಂಡಿ ನೋಡಿ. ಉಂಡೆಯಾಗಿ ನಿಂತರೆ ದಮ್ಮಸ್ಸು ಮಾಡಲು ಹದವಾಗಿದೆ. ಉದುರಿದರೆ ನೀರು ಚಿಮುಕಿಸಿ, ಬೆರಳ ಸಂದಿಯಲ್ಲಿ ನೀರು ಸೋರಿದರೆ ಒಂದು ದಿನ ಆರಲು ಬಿಡಿ. 10ರಿಂದ 15 ಸೆಂಟಿಮೀಟರ್ ದಪ್ಪ ಹರಡಿ ರೋಲರ್ ಓಡಿಸಿ, ಆಮೇಲೆ ಮುಂದಿನ ಪದರ.

ಪ್ರತಿ ವರ್ಷ ಅದೇ ಜಾಗ ಉಬ್ಬಿ ಕುಸಿಯುತ್ತಿದ್ದರೆ ಮೇಲೆ ಎಷ್ಟು ಹಾಕಿದರೂ ದಂಡ. ಅಲ್ಲಿ ಅಗೆದು ಹೂಳುಮಣ್ಣು ತೆಗೆದು, ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ) ಬಟ್ಟೆ ಹಾಸಿ, ದಪ್ಪ ಕಲ್ಲು ತುಂಬಿ, ಒಳಗೆ ಸೇರಿದ ನೀರು ಚರಂಡಿಗೆ ಹೋಗಲು ದಾರಿ ಮಾಡಿ. ಅಗೆದ ಗುಂಡಿಯ ಎರಡೂ ತುದಿ ಇಳಿಜಾರಾಗಿ ಮೇಲೆ ಬರಲಿ. ನೇರ ಗೋಡೆ ಬಿಟ್ಟರೆ ಮುಂದಿನ ಚಳಿಗೆ ಅಲ್ಲೇ ಮೆಟ್ಟಿಲಾಗುತ್ತದೆ.

ಡಾಂಬರು ರಸ್ತೆಯಾದರೆ, ಚಳಿ ಇರುವಾಗ ಗುಂಡಿಗೆ ತಣ್ಣನೆ ಮಿಶ್ರಣ (ಬಿಸಿ ಮಾಡದೆ ಹಾಕುವ ಡಾಂಬರು ಜಲ್ಲಿ) ಹಾಕಿ ಜನ ಬೀಳದಂತೆ ನೋಡಿಕೊಳ್ಳಿ, ಅದು ತಾತ್ಕಾಲಿಕ. ಬೆಚ್ಚಗಾದ ಮೇಲೆ, ಸುತ್ತಲೂ ಕೆಡದ ಗಟ್ಟಿ ಡಾಂಬರು ಸಿಗುವವರೆಗೆ ಗುಂಡಿಯನ್ನು ಚೌಕವಾಗಿ ಕತ್ತರಿಸಿ, ಗುಡಿಸಿ, ಒಣಗಿಸಿ, ತಳಕ್ಕೂ ಬದಿಗಳಿಗೂ ಡಾಂಬರಿನ ಅಂಟು ಬಳಿದು, ಬಿಸಿ ಮಿಶ್ರಣವನ್ನು ಪದರ ಪದರವಾಗಿ ಒತ್ತಿ. ಮೊಸಳೆ ಚರ್ಮದಂತೆ ಬಿರುಕು ಬಿಟ್ಟ ಕಡೆ ತೇಪೆ ಸಾಲದು, ಬುಡವೇ ಸೋತಿದೆ, ಅಗೆಯಲೇಬೇಕು. ಉಳಿದ ಬಿರುಕುಗಳನ್ನು ಚಳಿಗಾಲಕ್ಕೆ ಮುಂಚೆಯೇ ಮುಚ್ಚಿ.

ರಿಪೇರಿ ಮುಗಿದ ಮೇಲೆ ಬರುವ ಮೊದಲ ಜೋರು ಮಳೆಗೆ ಕೊಡೆ ಹಿಡಿದು ರಸ್ತೆ ಉದ್ದಕ್ಕೂ ನಡೆಯಿರಿ. ನೀರು ನಿಂತ ಪ್ರತಿ ಜಾಗದ ಪಕ್ಕ ಒಂದು ಗೂಟ ಹೊಡೆಯಿರಿ. ಮಾರನೇ ದಿನದ ಕೆಲಸ ಆ ಗೂಟಗಳ ಹತ್ತಿರ.