‘ವಷರ್’ ಹೋಗಿ ‘ವರ್ಷ’ ಬಂತು: ಸ್ವಂತ ವೆಬ್‌ಸೈಟ್ ಮಾಡಿದ ನನ್ನ ಅನುಭವ

"ಫೇಸ್‌ಬುಕ್ ಇದೆಯಲ್ಲ, ಸುಮ್ನೆ ಯಾಕೆ ದುಡ್ಡು ಹಾಕ್ತೀರಿ?" ಅಂತ ಕೇಳದವರೇ ಇರಲಿಲ್ಲ. ಶಿಕಾರಿಪುರ ತಾಲ್ಲೂಕಿನ ವೀರಗಲ್ಲು, ಮಾಸ್ತಿಕಲ್ಲುಗಳ ಬಗ್ಗೆ ಹದಿನಾಲ್ಕು ವರ್ಷದಿಂದ ಬರೆಯುತ್ತಿದ್ದೇನೆ. ಬಳ್ಳಿಗಾವಿ, ತಾಳಗುಂದ ಎಲ್ಲರಿಗೂ ಗೊತ್ತು. ಆದರೆ ಹೊಲದ ಬದುವಿನಲ್ಲಿ ಮಗುಚಿ ಬಿದ್ದ ಕಲ್ಲಿನ ಸುದ್ದಿ ಬೇಕಂದ್ರೆ ಎಲ್ಲಿ ಹುಡುಕುವುದು? ಈಗ ಅಂಥ 180ರಷ್ಟು ಬರಹ ನನ್ನದೇ ವಿಳಾಸದಲ್ಲಿವೆ. ವರ್ಷದ ಖರ್ಚು ಸಾವಿರ ರೂಪಾಯಿ ದಾಟುವುದಿಲ್ಲ.

ಇಲ್ಲಿಗೆ ಬರುವ ಮೊದಲು ಎರಡು ಸಲ ಕೈ ಸುಟ್ಟುಕೊಂಡೆ. ಮೊದಲ ಸಲ ಒಬ್ಬರಿಗೆ 18,000 ಕೊಟ್ಟು ಮಾಡಿಸಿದೆ. ಅವರು ಡೊಮೇನನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ತಮ್ಮ ಹೆಸರಿನಲ್ಲೇ ನೋಂದಾಯಿಸಿದ್ದರು. ವರ್ಷ ತುಂಬಿದ ಮೇಲೆ ಫೋನ್ ಎತ್ತಲಿಲ್ಲ, ವಿಳಾಸ ಹೋಯಿತು. ಬೇರೆ ಏನನ್ನಾದರೂ ಇನ್ನೊಬ್ಬರ ಕೈಗೆ ಕೊಡಿ, ಡೊಮೇನ್ ಮಾತ್ರ ನಿಮ್ಮ ಹೆಸರು, ನಿಮ್ಮ ಇಮೇಲ್‌ನಲ್ಲೇ ಇರಲಿ. ಎರಡನೇ ಸಲ ಹೋಸ್ಟಿಂಗ್, ಅಂದರೆ ಪುಟಗಳನ್ನು ಇಡುವ ಸರ್ವರ್ ಜಾಗ, ನಾನೇ ತಗೊಂಡೆ. ಮೊದಲ ವರ್ಷ 1,500 ಇದ್ದದ್ದು ನವೀಕರಣಕ್ಕೆ 5,000ದ ಹತ್ತಿರ ಬಂತು. ಅಷ್ಟರಲ್ಲಿ ಅಪ್‌ಡೇಟ್ ಮಾಡದ ಒಂದು ಪ್ಲಗಿನ್ (ವೆಬ್‌ಸೈಟಿಗೆ ಸೇರಿಸುವ ಪುಟ್ಟ ತಂತ್ರಾಂಶ) ಮೂಲಕ ಯಾರೋ ನುಗ್ಗಿ ಜೂಜಿನ ಜಾಹೀರಾತು ತುಂಬಿದ್ದರು. ಬ್ಯಾಕಪ್ ಕೂಡ ಅದೇ ಸರ್ವರ್‌ನಲ್ಲಿತ್ತು.

ಮೂರನೇ ಸಲ ಪ್ಲಗಿನ್, ಡೇಟಾಬೇಸಿನ ಸಹವಾಸವೇ ಬೇಡ ಅಂದುಕೊಂಡೆ. ಅವಿಲ್ಲದೆ ಪುಟ ತಯಾರಿಸುವ ಹ್ಯೂಗೊ ತಂತ್ರಾಂಶದಲ್ಲಿ ಪುಟ ಕಟ್ಟಿ, ಗಿಟ್‌ಹಬ್ ಪೇಜಸ್ ಅನ್ನುವ ಹೋಸ್ಟಿಂಗ್ ಸೇವೆಯಲ್ಲಿ ಇಟ್ಟೆ. ಅದು ಉಚಿತ. ಡಾಟ್ ಇನ್ ಡೊಮೇನಿಗೆ ಏಳೆಂಟು ನೂರು. ಇದು ಎರಡು ಸಂಜೆಯ ಕೆಲಸ.

ನಿಜವಾದ ಕೆಲಸ ಇದ್ದದ್ದು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳಲ್ಲಿ. ಹಳೆ ನುಡಿ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ. ಈಗ ವೆಬ್‌ಸೈಟುಗಳಲ್ಲಿ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ನುಡಿಯಿಂದ ಯೂನಿಕೋಡ್‌ಗೆ ಬದಲಿಸಲು ನಾನು ಬಳಸಿದ ಮೊದಲ ಪರಿವರ್ತಕ ಅದನ್ನು ಇದ್ದಲ್ಲೇ ಬಿಟ್ಟಿತ್ತು. ‘ವರ್ಷ’ ಹೋಗಿ ‘ವಷರ್’, ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’. ಮೂವತ್ತು ಬರಹ ಕೈಯಲ್ಲೇ ತಿದ್ದಿದೆ, ಕಣ್ಣು ಸೋತು ಹೋಯಿತು. ಆಮೇಲೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ನುಡಿಯ ಯಾವ ಅಕ್ಷರಕ್ಕೆ ಯೂನಿಕೋಡ್‌ನ ಯಾವುದು ಅನ್ನುವ ಸ್ವಂತ ಕೋಷ್ಟಕ ಬರೆದೆ. ಉಳಿದ 150 ಫೈಲು ಒಂದೇ ರಾತ್ರಿ ಮುಗಿದವು. ನಾನು ನೋಡಿದ ಯಾವ ಪರಿವರ್ತಕವೂ ಇಷ್ಟು ಶುದ್ಧವಾಗಿ ಕೊಟ್ಟಿಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ. ಒತ್ತಕ್ಷರದ ಮೇಲೆ ಅರ್ಕಾವತ್ತು ಬಂದಾಗ ಯಾವ ಕ್ರಮದಲ್ಲಿ ಬದಲಿಸಬೇಕು ಅನ್ನುವುದೇ ಅದರ ಗುಟ್ಟು. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಪುಟದ ವಿಳಾಸವೂ ಕನ್ನಡದಲ್ಲೇ ಇರಲಿ ಅಂತ ಆಸೆ. ಬ್ರೌಸರ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ‘ವೀರಗಲ್ಲು’ ಅನ್ನುವ ಒಂದೇ ಪದ ಶೇಕಡಾ ಚಿಹ್ನೆಗಳ 72 ಅಕ್ಷರದ ಬಾಲವಾಗಿ ಬಂತು. ಊರಿನವರು ವೈರಸ್ ಲಿಂಕ್ ಅಂದುಕೊಂಡು ಒತ್ತಲೇ ಇಲ್ಲ. ಈಗ ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ, ತಲೆಬರಹ ಕನ್ನಡದಲ್ಲಿ. ನನಗೆ ಇಂದಿಗೂ ಇದು ಬೇಸರದ ವಿಷಯ.

ಸಾಲಿನ ಅಂತರದ ಮೇಲೂ ಒಂದು ಕಣ್ಣಿಡಿ. ಅದನ್ನು ಅಕ್ಷರದ ಅಳತೆಯ 1.4 ಪಟ್ಟು ಇಟ್ಟಾಗ ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದ್ದವು. 1.8 ಮಾಡಿದ ಮೇಲೆ ವಯಸ್ಸಾದವರೂ ಆರಾಮಾಗಿ ಓದುತ್ತಿದ್ದಾರೆ.

ಓದುಗರು ದಿನಕ್ಕೆ ಮೂವತ್ತು ನಲವತ್ತು ಜನ, ಜಾಸ್ತಿ ಇಲ್ಲ. ಆದರೆ ನಮ್ಮ ಕಡೆಯ ಎಷ್ಟೋ ಹಳ್ಳಿಗಳ ಹೆಸರಿನ ಜೊತೆ ವೀರಗಲ್ಲು ಅಂತ ಹುಡುಕಿದರೆ ಈಗ ನನ್ನ ಪುಟವೇ ಮೊದಲು ಬರುತ್ತದೆ. "ಯಾಕೆ ದುಡ್ಡು ಹಾಕ್ತೀರಿ" ಅಂದಿದ್ದ ಗೆಳೆಯರೊಬ್ಬರು ಹೋದ ವಾರ ಪೆನ್‌ಡ್ರೈವ್ ತಂದು ಕೊಟ್ಟರು. ಅದರಲ್ಲಿ ಅವರ ನಲವತ್ತು ಲೇಖನ, ಎಲ್ಲವೂ ಶ್ರೀಲಿಪಿ ಅನ್ನುವ ಇನ್ನೊಂದು ತಂತ್ರಾಂಶದಲ್ಲಿ. ಅದಕ್ಕೆ ಕೋಷ್ಟಕವೇ ಬೇರೆ ಬೇಕು, ಬರೆಯಲು ಶುರು ಮಾಡಿದ್ದೇನೆ.