ವಿಡಿಯೊಗೆ ಬಳಸಲಿ ಎಂದಿದ್ದರೆ ‘ಎನ್‌ಡಿ’ ಬೇಡ
ನಿಮ್ಮ ಹಾಡನ್ನೋ ಚೆಂಡೆ-ಮದ್ದಳೆಯ ಧ್ವನಿಮುದ್ರಣವನ್ನೋ ಬೇರೆಯವರು ವಿಡಿಯೊಗಳಿಗೆ ಬಳಸಿಕೊಳ್ಳಲಿ ಎಂಬ ಆಸೆಯಿದ್ದರೆ, ಕ್ರಿಯೇಟಿವ್ ಕಾಮನ್ಸ್ ಪರವಾನಗಿ (ಕೃತಿಯನ್ನು ಬಳಸಲು ಎಲ್ಲರಿಗೂ ಮೊದಲೇ ಕೊಟ್ಟಿಡುವ ಸಿದ್ಧ ಅನುಮತಿ) ಆರಿಸುವಾಗ ‘ಎನ್‌ಡಿ’, ಅಂದರೆ ರೂಪಾಂತರಿಸಿ ಹಂಚಬಾರದು ಎಂಬ ಷರತ್ತು, ಇರುವುದನ್ನು ಬಿಟ್ಟುಬಿಡಿ. ಹಾಡನ್ನು ಚಲಿಸುವ ದೃಶ್ಯಕ್ಕೆ ಹೊಂದಿಸಿ ಕೂರಿಸಿದರೆ ಸಾಕು, ಈ ಪರವಾನಗಿಗಳ ಲೆಕ್ಕದಲ್ಲಿ ಅದು ರೂಪಾಂತರ. ಹಾಗಾಗಿ ಮಲ್ಪೆ ಕಡಲಿನ ದೃಶ್ಯಕ್ಕೆ ನಿಮ್ಮ ಕೊಳಲನ್ನು ಒಂದು ಸ್ವರವೂ ಬದಲಿಸದೆ ಜೋಡಿಸಿ ಹಂಚಿದವರೂ ಷರತ್ತು ಮೀರಿದವರೇ ಆಗುತ್ತಾರೆ! ಹೆಸರು ಹಾಕಿದರೆ ಸಾಕು ಎನ್ನುವವರಿಗೆ ‘ಬಿವೈ’, ಅದರಿಂದ ಯಾರೂ ದುಡ್ಡು ಮಾಡಬಾರದು ಎನ್ನುವವರಿಗೆ ‘ಬಿವೈ-ಎನ್‌ಸಿ’. ಹಾಡು ಹಂಚುವ ಜಾಲತಾಣ ಸೌಂಡ್‌ಕ್ಲೌಡ್‌ನಲ್ಲಿ ಒಂದೊಂದು ಹಾಡಿಗೆ ಒಂದೊಂದು ಪರವಾನಗಿ ಕೊಡಬಹುದು. ಯೂಟ್ಯೂಬ್‌ನಲ್ಲಿ ಸಿಗುವುದು ‘ಬಿವೈ’ ಮಾತ್ರ, ನೀವಾಗಿ ಆರಿಸದಿದ್ದರೆ ಅದೂ ಇಲ್ಲ. ಸಾಹಿತ್ಯ ಅಥವಾ ರಾಗಸಂಯೋಜನೆ ಬೇರೆಯವರದಾದರೆ ಈ ಉಪಾಯ ನಡೆಯದು: ಕವಿ ತೀರಿಕೊಂಡು 60 ವರ್ಷ ಆಗುವವರೆಗೆ ಪದ್ಯದ ಹಕ್ಕು ಉಳಿದಿರುತ್ತದೆ. ಯಕ್ಷಗಾನದ ರೆಕಾರ್ಡಿಂಗ್ ಆದರೆ ಭಾಗವತರದ್ದಷ್ಟೇ ಅಲ್ಲ, ಹಿಮ್ಮೇಳದವರ ಒಪ್ಪಿಗೆಯೂ ಬೇಕು (ಇದನ್ನು ಕೇಳುವವರೇ ಕಡಿಮೆ). ಪರವಾನಗಿ ಕೊಟ್ಟ ಮೇಲೆ ಹಾಡನ್ನು ಅಳಿಸಿಹಾಕಬಹುದು, ಆದರೆ ಅಷ್ಟರಲ್ಲಿ ಪಡೆದುಕೊಂಡವರ ಹಕ್ಕನ್ನು ಕಿತ್ತುಕೊಳ್ಳಲಾಗದು.