‘ಪ್ಲೇ’, ‘ಗೋ’, ‘ಡೂ’: ಯಾವ ಆಟಕ್ಕೆ ಯಾವ ಕ್ರಿಯಾಪದ?

ಇಂಗ್ಲಿಷಿನಲ್ಲಿ ಹವ್ಯಾಸಗಳ ಬಗ್ಗೆ ಹೇಳುವಾಗ ‘ಐ ಪ್ಲೇ ಸ್ವಿಮ್ಮಿಂಗ್’, ‘ಶೀ ಪ್ಲೇಸ್ ಯೋಗ’ ಎಂಬಂಥ ವಾಕ್ಯಗಳು ಸಲೀಸಾಗಿ ಬಾಯಿಗೆ ಬಂದುಬಿಡುತ್ತವೆ. ಎರಡೂ ತಪ್ಪು. ಕ್ರೀಡೆ ಎಂದ ಕೂಡಲೇ ‘ಪ್ಲೇ’ ಹಚ್ಚುವ ಅಭ್ಯಾಸವೇ ಇದಕ್ಕೆ ಕಾರಣ. ಕ್ರಿಯಾಪದ ಹುಡುಕುವ ಮುನ್ನ ಚಟುವಟಿಕೆ ಎಂಥದ್ದೆಂದು ನೋಡಿಕೊಳ್ಳಿ.

ಮೊದಲು, ಅದು ನಿಯಮ, ಸೋಲು-ಗೆಲುವು ಇರುವ ‘ಗೇಮ್’ ಹೌದೇ? ಹೌದಾದರೆ ‘ಪ್ಲೇ’. ಕ್ರಿಕೆಟ್, ಫುಟ್‌ಬಾಲ್, ಬ್ಯಾಡ್ಮಿಂಟನ್‌ ಜೊತೆಗೆ ಕೂತು ಆಡುವ ಚೆಸ್, ಕೇರಂ, ಇಸ್ಪೀಟು ಕೂಡ ಇಲ್ಲಿಗೇ ಸೇರುತ್ತವೆ. ಆಟದ ಹೆಸರಿನ ಹಿಂದೆ ‘ದ’ ಬೇಡ: ‘ಪ್ಲೇ ಕ್ರಿಕೆಟ್’ ಸರಿ, ‘ಪ್ಲೇ ದ ಕ್ರಿಕೆಟ್’ ತಪ್ಪು. ವಾದ್ಯ ನುಡಿಸುವಾಗ ಮಾತ್ರ ಸಾಮಾನ್ಯವಾಗಿ ‘ಪ್ಲೇ ದ ಗಿಟಾರ್’ ಎನ್ನುತ್ತಾರೆ.

ಗೇಮ್ ಅಲ್ಲ, ಹೆಸರಿನ ಕೊನೆಗೆ ‘ಇಂಗ್’ ಇದೆ ಎಂದಾದರೆ ಬಹುಪಾಲು ‘ಗೋ’: ‘ಗೋ ಸ್ವಿಮ್ಮಿಂಗ್’, ‘ಗೋ ಸೈಕ್ಲಿಂಗ್’, ‘ಗೋ ಟ್ರೆಕಿಂಗ್’, ‘ಗೋ ಫಿಶಿಂಗ್’. ಅತಿ ಹೆಚ್ಚು ಎಡವುವುದು ಇಲ್ಲಿಯೇ. ‘ಈಜಲಿಕ್ಕೆ ಹೋಗುತ್ತೇನೆ’ ಎಂದು ಕನ್ನಡದಲ್ಲಿ ಯೋಚಿಸುವುದರಿಂದ ಆ ‘-ಲಿಕ್ಕೆ’ಗೆ ಸಮನಾದದ್ದು ಏನಾದರೂ ಬೇಕೆನಿಸಿ ‘ಗೋ ಟು ಸ್ವಿಮ್ಮಿಂಗ್’, ‘ಗೋ ಫಾರ್ ಸ್ವಿಮ್ಮಿಂಗ್’ ಎಂದುಬಿಡುತ್ತೇವೆ. ನಡುವೆ ಏನೂ ಬೇಡ. ‘ಫಾರ್’ ಹಾಕಲೇಬೇಕೆಂದರೆ ಮುಂದೆ ನಾಮಪದ ಬರಬೇಕು: ‘ಗೋ ಫಾರ್ ಎ ಸ್ವಿಮ್’, ‘ಗೋ ಫಾರ್ ಎ ರನ್’. ಇದು ಪೂರ್ತಿ ಸರಿ.

ಜಾಗ ಹೇಳುವಾಗ ಇನ್ನೊಂದು ತೊಡಕು. ‘ಗೋ’ ಇದೆಯೆಂದು ‘ಐ ವೆಂಟ್ ಸ್ವಿಮ್ಮಿಂಗ್ ಟು ದ ರಿವರ್’ ಎಂದರೆ ತಪ್ಪಾಗುತ್ತದೆ. ಈಜಿದ್ದು ನದಿಯಲ್ಲಿ, ಹಾಗಾಗಿ ‘ಇನ್ ದ ರಿವರ್’. ‘ಟು’ ಬೇಕೆಂದರೆ ‘ಐ ವೆಂಟ್ ಟು ದ ರಿವರ್’ ಎಂದು ಬೇರೆಯೇ ವಾಕ್ಯ ಮಾಡಿ.

ಈ ಎರಡಕ್ಕೂ ಸೇರದೆ ಉಳಿದವು ಹೆಚ್ಚಾಗಿ ‘ಡೂ’ ಪಾಲಿಗೆ: ‘ಡೂ ಯೋಗ’, ‘ಡೂ ಜಿಮ್ನಾಸ್ಟಿಕ್ಸ್’, ‘ಡೂ ಏರೋಬಿಕ್ಸ್’. ಪದಬಂಧ ಬಿಡಿಸುವುದಕ್ಕೂ ‘ಡೂ ಎ ಕ್ರಾಸ್‌ವರ್ಡ್’ ಎನ್ನುತ್ತಾರೆ.

ಅಡ್ಡದಾರಿ ಹಿಡಿಯುವ ಕೆಲವು ಪದಗಳನ್ನು ಬಾಯಿಪಾಠ ಮಾಡಿಕೊಳ್ಳುವುದೇ ಒಳ್ಳೆಯದು. ಜೂಡೋ, ಕರಾಟೆಗಳಲ್ಲಿ ಎದುರಾಳಿಯೂ ಇದ್ದಾನೆ, ಅಂಕವೂ ಇದೆ, ಆದರೂ ‘ಡೂ’. ‘ವೇಟ್‌ಲಿಫ್ಟಿಂಗ್’, ‘ಬಾಕ್ಸಿಂಗ್’ ಪದಗಳಲ್ಲಿ ‘ಇಂಗ್’ ಇದ್ದರೂ ‘ಡೂ’ ಎನ್ನುವುದೇ ವಾಡಿಕೆ, ಏಕೆಂದರೆ ಅವು ಸುತ್ತಾಟವಲ್ಲ, ಕಸರತ್ತು. ಗಾಲ್ಫ್‌ಗೆ ‘ಪ್ಲೇ ಗಾಲ್ಫ್’, ‘ಗೋ ಗಾಲ್ಫಿಂಗ್’ ಎರಡೂ ನಡೆಯುತ್ತವೆ. ಎಷ್ಟು ಮಾಡುತ್ತೀರಿ ಎಂದು ಹೇಳುವಾಗ ‘ಗೋ’ ಪದಗಳೂ ‘ಡೂ’ಗೆ ಬದಲಾಗುತ್ತವೆ: ‘ಐ ಡೂ ಎ ಲಾಟ್ ಆಫ್ ಸ್ವಿಮ್ಮಿಂಗ್’.

ಆಟ ಮುಗಿದ ಮೇಲೂ ಒಂದು ಎಚ್ಚರ ಬೇಕು. ‘ವಿನ್’ ಪಂದ್ಯಕ್ಕೆ, ‘ಬೀಟ್’ ಎದುರಾಳಿಗೆ. ‘ವಿ ವನ್ ದ ಮ್ಯಾಚ್’ ಸರಿ. ‘ವಿ ವನ್ ದೆಮ್’ ಎಂದರೆ ತಪ್ಪು, ‘ವಿ ಬೀಟ್ ದೆಮ್’ ಎನ್ನಬೇಕು. ‘ಬೀಟ್’ನ ಭೂತಕಾಲವೂ ‘ಬೀಟ್’ ಎಂದೇ ಇರುತ್ತದೆ. ‘ಬೀಟೆಡ್’ ಎಂಬ ರೂಪವೇ ಇಲ್ಲ.